ಮಲ್ಲಾಜಮ್ಮ ಸೊಸೆಯ ಗಂಟಲು ತೋರಿಸಿದ್ದು

ಸೊಸೆ ಅರ್ಪಿತಳಿಗೆ ಮದುವೆಗೆ ಮುಂಚಿನಿಂದಲೂ ಗಂಟಲ ಕಾಯಿಲೆ ಇತ್ತು ಎಂಬ ಒಂದು ಮಾತು ಮಲ್ಲಾಜಮ್ಮನಿಗೆ ಬೇಕಾಗಿತ್ತು. ಅದನ್ನು ನಂಜನಗೂಡಿನ ಆಸ್ಪತ್ರೆಯ ಕವನ ಮೇಡಂ ಬಾಯಲ್ಲಿ ಹೇಳಿಸಿಬಿಟ್ಟರೆ, ಬೀಗರು ಮೋಸ ಮಾಡಿದರೆಂದು ಹುಲ್ಲಹಳ್ಳಿಗೆಲ್ಲ ಸಾರಿ, ಇವಳನ್ನು ತವರಿಗೆ ಅಟ್ಟಿ, ಮಗ ಬಸವೇಶನಿಗೆ ತಮ್ಮನ ಮಗಳನ್ನೇ ತಂದುಕೊಳ್ಳಬಹುದಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆ ತಮ್ಮ ದೊಡ್ಡಸಿದ್ದಯ್ಯನನ್ನು ಸಾಕ್ಷಿಗೆಂದು ಜೊತೆಗೇ ಕರೆತಂದಿದ್ದಳು.

ಯುಗಾದಿಯಿಂದೀಚೆಗೆ ಅರ್ಪಿತಳ ಬಾಯಲ್ಲಿ ಬರೀ ಗಾಳಿ. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಎರಡೂ ಕಡೆಯವರು ಕಿತ್ತಾಡಿ ಮಠದ ಹಿರಿಯರ ಮುಂದೆ ಹೋದಾಗ, ದನಿಯ ತೊಂದರೆ ಪರೀಕ್ಷಿಸುವ ಮೇಡಂ ಹೇಳಿದ್ದೇ ಕಡೆಮಾತು ಎಂದು ಅವರು ಕೈತೊಳೆದುಕೊಂಡಿದ್ದರು. ಹುಡುಗಿಯ ಅಪ್ಪ ಕಲ್ಲಯ್ಯ ಟಿ. ನರಸೀಪುರದಿಂದ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ. ಬೀಗರಿಬ್ಬರೂ ಮುಖ ನೋಡಿಕೊಳ್ಳಲಿಲ್ಲ.

"ಮುಚ್ಚಿಟ್ಟು ಕಟ್ಟವ್ರೆ ಕಣವ್ವ," ಎಂದಳು ಮಲ್ಲಾಜಮ್ಮ. "ಎಣ್ಣು ನೋಡಾಕೆ ಓದಾಗ್ಲೂ ತಲೆ ಎತ್ನಿಲ್ಲ. ನಾಚ್ಕೆ ಅಂದ್ಕಂಡೋ."

"ಸುಳ್ಳು ಬೊಗಳ್ಬ್ಯಾಡಿ," ಕಲ್ಲಯ್ಯ ಗುರುಗುಟ್ಟಿದ.

ಕವನ ಇಬ್ಬರಿಗೂ ಸುಮ್ಮನಿರಲು ಹೇಳಿದಳು. ಗಂಟಲ ಡಾಕ್ಟರು ಆಗಲೇ ಒಳಗೆ ಕನ್ನಡಿ ಇಟ್ಟು ನೋಡಿ ಗಂಟಿಲ್ಲ, ಹುಣ್ಣಿಲ್ಲ ಎಂದಿದ್ದರು. ಕವನ ಅರ್ಪಿತಳ ಕತ್ತಿನ ಮೇಲೆ ಬೆರಳಿಟ್ಟು "ಆ ಅಂತ ಎಳೀರಿ" ಎಂದಳು. ಗಾಳಿ ಬಂತು. ಎಣಿಸಲು ಹೇಳಿದರೂ ಬರೀ ಪಿಸುಮಾತು. ಮಲ್ಲಾಜಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

"ಈಗ ಜೋರಾಗಿ ಕೆಮ್ಮಿ."

ಅರ್ಪಿತ ಕೆಮ್ಮಿದಳು. ಖಣಿಲ್ಲೆಂದು ಕೋಣೆ ತುಂಬಿತು ಕೆಮ್ಮು.

"ನೋಡಿ, ಕೆಮ್ಮಲ್ಲಿ ದನಿ ಇದೆ. ಸ್ವರ ಹೊರಡಿಸೋ ಮಡಿಕೆಗಳು ಗಂಟಲಲ್ಲಿ ಚೆನ್ನಾಗೇ ಸೇರ್ತಿವೆ. ಅಲ್ಲಿ ಕಾಯಿಲೆ ಏನಿಲ್ಲ."

ಮಲ್ಲಾಜಮ್ಮನ ನೆತ್ತಿಗೆ ಪಿತ್ತ ಏರಿತು. ಇಷ್ಟು ದಿನ ತನ್ನನ್ನು ಕುಣಿಸಿದಳಲ್ಲ ಈ ಕಳ್ಳಿ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಸಿಟ್ಟು ಬಂದವಳಿಗೆ ಗಾದೆ ಎಲ್ಲಿ ನೆನಪಾಗಬೇಕು?

"ನಾಟ್ಕ! ಬರೀ ನಾಟ್ಕ! ಯುಗಾದಿ ದಿನ ಒಲೆ ಮುಂದೆ ನಿಂತ್ಕಂಡು ನಂಗೇ ಎದುರು ಮಾತಾಡ್ದೋಳು ಇವ್ಳು! ಕಾದ ಸೌಟ ಬಾಯತ್ರ ಇಡಿದ ಮ್ಯಾಲಲ್ವಾ ತೆಪ್ಪಗಾಗಿದ್ದು?"

ಕಲ್ಲಯ್ಯ ಎದ್ದು ನಿಂತ. ತಾನು ಏನು ಆಡಿದೆನೆಂದು ಮಲ್ಲಾಜಮ್ಮನಿಗೆ ತಿಳಿಯುವಷ್ಟರಲ್ಲಿ ಹೊತ್ತು ಮೀರಿತ್ತು.

"ನಾಟಕ ಅಲ್ಲ ಇದು," ಎಂದಳು ಕವನ, ಈ ಸಲ ಅವಳಿಗೂ ಸಿಟ್ಟು. "ಹೆದರಿಕೆಗೆ ದನಿ ಹೀಗೆ ಕಟ್ಟಿಕೊಂಡುಬಿಡುತ್ತೆ. ಬೇಕು ಅಂತ ಮಾಡೋದಲ್ಲ. ಅರ್ಪಿತ, ಇನ್ನೊಂದ್ಸಲ ಕೆಮ್ಮಿ. ಆ ಕೆಮ್ಮನ್ನೇ ಎಳೆದು ಮ್... ಅನ್ನಿ."

ಕೆಮ್ಮು "ಮ್" ಆಯಿತು. ಮತ್ತೆ ಮತ್ತೆ ಎಳೆಸಿದಳು. "ಮ್" ಒಡೆದು "ಮಾ" ಆಯಿತು. ಆಮೇಲೆ ತುಕ್ಕು ಹಿಡಿದ ಬಾಗಿಲಿನಂಥ ದನಿಯಲ್ಲಿ ಅರ್ಪಿತ ಅಪ್ಪನ ಕಡೆ ತಿರುಗಿದಳು.

"ಅಪ್ಪ, ನಾನು ಆ ಮನೆಗೆ ಓಗಾಕಿಲ್ಲ."

ಕಲ್ಲಯ್ಯ ಮಗಳ ತಲೆ ನೇವರಿಸಿ, ಬೀಗಿತ್ತಿಯ ಕಡೆ ತಿರುಗಿ, "ಇದ್ನ ಮಠದಲ್ಲೇ ಏಳ್ತೀನಿ" ಎಂದು ಮಗಳನ್ನು ಹೊರಗೆ ಕರೆದುಕೊಂಡು ಹೋದ.

ಮಲ್ಲಾಜಮ್ಮ ಸೆರಗು ಸರಿಮಾಡಿಕೊಂಡಳು. ಹೋದರೆ ಹೋಗಲಿ, ಹೇಗೂ ಹೋಗಬೇಕಾದವಳೇ.

"ಪೀಡೆ ತೊಲಗ್ತು ಬುಡು," ಎಂದಳು ತಮ್ಮನಿಗೆ. "ಬರೋ ಸ್ವಾಮಾರ ನಿನ್ ಮನೆಗೇ ಬತ್ತೀನಿ, ವೀಳ್ಯದೆಲೆ ತಕ್ಕಂಡು."

ದೊಡ್ಡಸಿದ್ದಯ್ಯ ಅಕ್ಕನನ್ನೇ ನೋಡುತ್ತ ಚಪ್ಪಲಿ ಮೆಟ್ಟಿಕೊಂಡ.

"ಬರ್ಬ್ಯಾಡ ಕಣಕ್ಕ," ಎಂದ. "ನನ್ ಮಗ್ಳೂ ಮಾತಾಡ್ತಳೆ."