ಒಂದೇ ಫೋಟೋಗೊಂದು ಪ್ರಿಂಟರ್

ನಾಲ್ಕು ತಿಂಗಳಾದ ಮೇಲೆ ಅವಳು ಆ ಮಾತೆತ್ತಿದಳು. ಅದೂ ಎಂಥ ಹೊತ್ತಿನಲ್ಲಿ? ಬೆಳಗ್ಗೆ ಗಂಡ ಕೆಲಸಕ್ಕೆ ಹೊರಟು, ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಬೆಂಚಿನ ಕೆಳಗಿಂದ ಎಳೆಯುತ್ತಿದ್ದಾಗ.

“ರೀ, ಆ ಫೋಟೋ ಅಳಿಸ್ಬಿಟ್ರಾ?”

ಯಾವ ಫೋಟೋ ಎಂದು ಅವನು ಕೇಳಲಿಲ್ಲ. ಬೂಟು ಕೈಯಲ್ಲೇ ಉಳಿಯಿತು.

“ಇಲ್ಲ.”

“ಅಕ್ಕನ ಹತ್ರ ಅಳಿಸ್ದೆ ಅಂದ್ರಲ್ಲ.”

“ಸುಳ್ಳು ಹೇಳ್ದೆ.”

ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಕಿಟಕಿ ಪರದೆ ಹೊಲಿಯುವುದು ಅವಳ ಕಸುಬು. ಯಾರದೋ ಮನೆಯ ಉದ್ದನೆಯ ಪರದೆ ಅವಳ ತೊಡೆಯಿಂದ ಜಾರಿ ನೆಲದ ತುಂಬ ಹರಡಿತ್ತು. ಅವಳು ಅದರ ಅಂಚನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

“ನನ್ಗೆ ನೋಡ್ಬೇಕು. ಫೋನಲ್ಲಿ ಬೇಡ. ಬೆರಳು ತಾಗಿದ್ರೆ ಸಾಕು, ಪಕ್ಕದ ಫೋಟೋ ಬಂದ್ಬಿಡುತ್ತೆ, ನಿಮ್ಮ ಲಿಫ್ಟಿಂದೋ ಇನ್ನೊಂದರದ್ದೋ. ಕಾಗದದ ಮೇಲೆ ಬೇಕು. ಕೈಯಲ್ಲಿ ಹಿಡ್ಕೊಳ್ಳೋ ಹಾಗೆ.”

“ಇವತ್ತೇ ಮಾಡಿಸ್ಕೊಂಡು ಬರ್ತೀನಿ” ಎಂದ ಅವನು.

ಅವನು ಲಿಫ್ಟ್ ಮೆಕ್ಯಾನಿಕ್. ಕೆಟ್ಟು ನಿಂತ ಲಿಫ್ಟಿನ ಬಾಗಿಲಿಗೆ ಕಿವಿಯಿಟ್ಟು ತಪ್ಪು ಎಲ್ಲಿದೆ ಎಂದು ಹೇಳಬಲ್ಲವನು. ಆದರೆ ಈ ನಾಲ್ಕು ತಿಂಗಳಲ್ಲಿ ಸ್ವಂತ ಮನೆಯೊಳಗೆ ಏನು ನಿಂತುಹೋಗಿದೆ, ಎಲ್ಲಿ ಕೈ ಹಾಕಿದರೆ ಅದು ಅಲುಗೀತು ಎನ್ನುವುದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಒಂಬತ್ತು ತಿಂಗಳು ತುಂಬಿದ ಮೇಲೆ ಒಂದು ಬೆಳಗ್ಗೆ ಹೊಟ್ಟೆಯೊಳಗಿನ ಮಗು ಮಿಸುಕಾಡುವುದನ್ನು ಬಿಟ್ಟಿತ್ತು. ಮಾರನೆಯ ದಿನ ಹೆರಿಗೆಯಾಯಿತು. ಹೆಣ್ಣು. ಅಳಲಿಲ್ಲ.

ನರ್ಸು ಮಗುವನ್ನು ಬಿಳಿ ಟವೆಲಿನಲ್ಲಿ ಸುತ್ತಿ ತಂದಾಗ ಹೆಂಡತಿಯ ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. “ಅವಳಿಗೆ ತೋರಿಸ್ಬೇಡಿ. ಒಂದ್ಸಲ ನೋಡಿದ್ರೆ ಜೀವಮಾನವಿಡೀ ಕಣ್ಣಿಗೆ ಕಟ್ಟುತ್ತೆ.” ತಂಗಿ ಗೋಡೆಯ ಕಡೆ ಹೊರಳಿ “ಬೇಡ” ಎಂದಿದ್ದಳು. ನರ್ಸು ಏನು ಮಾಡಬೇಕು? ಹೊರಗೆ ಬಂದು ಅವನ ಕೈಗೆ ಕೊಟ್ಟಳು. ಅವನು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಎತ್ತಿಕೊಂಡಿದ್ದ. ಒಂದು ಫೋಟೋ ತೆಗೆದ. ಒಂದೇ ಒಂದು. ಅದು ಹೆಂಡತಿಯ ಅಕ್ಕನ ಕಣ್ಣಿಗೆ ಬಿತ್ತು. “ಅಳಿಸಿ ಅದನ್ನ! ಅವಳು ನೋಡಿದ್ರೆ ಉಳಿಯಲ್ಲ” ಎಂದಳು ಅಕ್ಕ, ತಾನೇ ಬಿಕ್ಕಿಬಿಕ್ಕಿ ಅಳುತ್ತ. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಅವನು ಅಳಿಸಿದೆ ಎಂದ.

ಫೋಟೋ ಮಾತ್ರ ಲಿಫ್ಟಿನ ಸರ್ಕ್ಯೂಟ್ ಬೋರ್ಡುಗಳ ಚಿತ್ರಗಳ ನಡುವೆ ಅಡಗಿ ಕೂತಿತ್ತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲು, ಕಟ್ಟಡದ ತುತ್ತತುದಿಯ ಮೋಟಾರು ಕೋಣೆಯಲ್ಲಿ ಒಬ್ಬನೇ ಕೂತು ಅವನು ಅದನ್ನು ತೆರೆಯುತ್ತಿದ್ದ. ಲೋಕದಲ್ಲಿ ಆ ಮುಖದ ಗುರುತಿದ್ದವನು ಅವನೊಬ್ಬನೇ ಎಂಬಂತಾಗಿಬಿಟ್ಟಿತ್ತು. ಅದಕ್ಕಿಂತ ಒಂಟಿತನ ಬೇರೆ ಬೇಕೆ?

ಸಂಜೆ ಫೋಟೋ ಸ್ಟುಡಿಯೋಗೆ ಹೋದ. ಅಲ್ಲಿ ಮಾಲೀಕನ ಕಂಪ್ಯೂಟರ್ ಪರದೆ ಗಿರಾಕಿಗಳ ಕಡೆಗೇ ತಿರುಗಿತ್ತು. ಬೆಂಚಿನ ಮೇಲೆ ಮೂರು ಜನ ಕಾಯುತ್ತಿದ್ದರು. ಪರದೆಯ ತುಂಬ ಯಾರದೋ ಮುಖ, ಅದರ ಮೂಗಿನ ಮೇಲಿನ ಮಚ್ಚೆಯನ್ನು ಮಾಲೀಕ ಅಳಿಸುತ್ತಿದ್ದ, ಮೂವರೂ ಸಲಹೆ ಕೊಡುತ್ತಿದ್ದರು.

“ಕೊಡಿ ಸಾರ್ ಫೋನು, ಐದೇ ನಿಮಿಷ” ಎಂದ ಮಾಲೀಕ.

“ಆಮೇಲೆ ಬರ್ತೀನಿ” ಎಂದು ಹೇಳಿ ಅವನು ಬಂದ ದಾರಿಗೆ ಸುಂಕವಿಲ್ಲವೆಂಬಂತೆ ವಾಪಸಾದ.

ಹೀಗೆ, ಒಂದು ಫೋಟೋಗೋಸ್ಕರ ಒಂದು ಪ್ರಿಂಟರನ್ನೇ ಕೊಳ್ಳುವ ಯೋಚನೆ ಹುಟ್ಟಿತು.

ಜೊತೆಗೆ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್‌ಗೆ ಎಲ್ಲರೂ ಬ್ರೇಕ್ ಮಾವ ಎನ್ನುತ್ತಿದ್ದರು. ಪ್ರತಿ ಎರಡು ಮಾತಿಗೊಮ್ಮೆ ನಿಂತು ಉಸಿರೆಳೆದುಕೊಳ್ಳುವುದು ಅವನ ಅಭ್ಯಾಸ. ಲಿಫ್ಟಿನ ಹಗ್ಗಗಳಿಗೆ ಇಬ್ಬರೂ ಎಣ್ಣೆ ಹಚ್ಚುತ್ತಿದ್ದಾಗ ಇವನು ವಿಷಯ ತೆಗೆದ.

“ಶಾಯಿ ಹಾಕೋ ಪ್ರಿಂಟರ್ ಮಾತ್ರ ತಗೋಬೇಡ ಕಣಯ್ಯಾ” ಎಂದ ಮಾವ. ನಿಂತ. “ನಮ್ಮನೇಲಿ ಒಂದಿದೆ. ಒಂದು ತಿಂಗಳು ಸುಮ್ನೆ ಬಿಟ್ಟಿದ್ದಕ್ಕೆ ಒಳಗೆಲ್ಲ ಒಣಗಿ ಬಾಯಿ ಕಟ್ಕೊಂಡ್ಬಿಡ್ತು.” ಮತ್ತೆ ನಿಂತು ಇವನ ಮುಖ ನೋಡಿದ. “ನಿನ್ ಥರಾನೇ.”

ಇವನಿಗೆ ನಗು ಬಂತು. ನಗುತ್ತಲೇ ಎಣ್ಣೆ ಬಟ್ಟೆಯಿಂದ ಕಣ್ಣು, ಮುಖ ಒರೆಸಿಕೊಂಡ. ಮಾವ ಮುಂದಿನ ಹಗ್ಗಕ್ಕೆ ಹೋದ.

ಅಂಗಡಿಯಲ್ಲಿ ಪ್ರಿಂಟರ್ ವಿಭಾಗಕ್ಕೆ ಒಬ್ಬ ನಡುವಯಸ್ಸಿನ ಹೆಂಗಸು ಇದ್ದಳು. ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿದ್ದಳು. “ಮನೇಗಾ, ಪ್ರಯಾಣಕ್ಕಾ?” ಎಂದು ಕೇಳಿದಳು.

ಅವನು ಅದನ್ನು ಯೋಚಿಸಿರಲಿಲ್ಲ. “ಮನೇಗೆ. ಚಿಕ್ಕದಿದ್ರೂ ನಡೆಯುತ್ತೆ.”

ಅವಳು ಮೊದಲು ಅಂಗೈಯಗಲದ್ದೊಂದನ್ನು ತೆಗೆದಳು. ಜೇಬಿಗೆ ಹಾಕಿಕೊಂಡು ಎಲ್ಲಿ ಬೇಕಾದರೂ ಹೋಗಬಹುದು, ಶಾಯಿಯ ಗೊಡವೆಯೇ ಇಲ್ಲ, ಬಿಸಿಗೆ ಕಾಗದವೇ ಬಣ್ಣ ತಳೆಯುತ್ತದೆ ಎಂದಳು. ತನ್ನದೇ ಫೋಟೋ ಒಂದನ್ನು ಅಚ್ಚು ಹಾಕಿಯೂ ತೋರಿಸಿದಳು.

“ಎಷ್ಟು ವರ್ಷ ಉಳಿಯುತ್ತೆ?”

“ಬಿಸಿಲಿಗೆ ಇಟ್ರೆ ಮಾಸುತ್ತೆ. ಮಾಸಿದ್ರೆ ಇನ್ನೊಂದು ತೆಗೆದ್ರಾಯ್ತು. ಫೋಟೋಗೇನು ಬರವಾ ಈಗ?”

ಅವನು ಅದನ್ನು ಮೆಲ್ಲಗೆ ಪಕ್ಕಕ್ಕಿಟ್ಟ. ಅವಳು ಇನ್ನೊಂದನ್ನು ತೋರಿಸಿದಳು. ಇಟ್ಟಿಗೆಯಷ್ಟು ದೊಡ್ಡದು. ಒಂದೇ ಕಾಗದ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ: ಮೊದಲು ಹಳದಿ, ಆಮೇಲೆ ಕೆಂಪು, ಆಮೇಲೆ ನೀಲಿ, ಕೊನೆಗೆ ನೀರು ಬಿದ್ದರೂ ಕೆಡದಂಥ ಹೊಳಪಿನ ಪದರ. ಒಣಗುವ ಭಯವಿಲ್ಲ, ವರ್ಷಗಟ್ಟಲೆ ಮುಟ್ಟದಿದ್ದರೂ ಕೆಲಸ ಮಾಡುತ್ತದೆ.

“ಮುಖಾನೂ ತಾನೇ ತಿದ್ದುತ್ತೆ ಸಾರ್. ಕಪ್ಪಾಗಿದ್ರೆ ಬೆಳ್ಳಗೆ, ಕಳೆಗುಂದಿದ್ರೆ ಕೆಂಪಗೆ.”

“ಅದು ಬೇಡ” ಎಂದ ಅವನು. ದನಿ ತುಸು ಜೋರಾಯಿತು. “ಮುಖ ಹೇಗಿದೆಯೋ ಹಾಗೇ ಬರ್ಬೇಕು.”

“ಹಾಗೂ ಮಾಡ್ಬಹುದು” ಎಂದಳು ಅವಳು, ಸ್ವಲ್ಪ ಅಚ್ಚರಿಯಿಂದ. ಫೋನಿನಲ್ಲಿ ಎಲ್ಲಿ ಆ ತಿದ್ದುಪಡಿಯನ್ನು ಆಫ್ ಮಾಡಬೇಕೆಂದು ತೋರಿಸಿಕೊಟ್ಟಳು. ಪೆಟ್ಟಿಗೆ ಕಟ್ಟುತ್ತ, ಸುಮ್ಮನೆ ಮಾತಿಗೆ ಕೇಳಿದಳು: “ಮನೇಲಿ ಮಗು ಇರ್ಬೇಕು, ಅಲ್ವಾ? ಮಕ್ಕಳಿರೋರೇ ಹೆಚ್ಚಾಗಿ ಇದನ್ನ ತಗೊಳ್ಳೋದು.”

“ಹೌದು. ಹೆಣ್ಣು ಮಗು.”

ಅದು ಸುಳ್ಳೋ ನಿಜವೋ ಅವನಿಗೇ ಗೊತ್ತಾಗಲಿಲ್ಲ. ಆದರೆ ಮಗುವಿನ ಬಗ್ಗೆ ಒಬ್ಬರು ನಗುಮುಖದಿಂದ ಕೇಳಿದ್ದು ಅದೇ ಮೊದಲು. ಇನ್ನೊಂದು ಮಾತು ಕೇಳಲಿ ಎಂದು ಅವನು ಕೌಂಟರಿನ ಬಳಿ ತುಸು ಹೊತ್ತು ನಿಂತೇ ಇದ್ದ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು.

ಭಾನುವಾರ ಮಧ್ಯಾಹ್ನ ಅವಳು ಮೇಜಿನ ಮೇಲಿನ ಬಟ್ಟೆ, ದಾರದುಂಡೆಗಳನ್ನೆಲ್ಲ ತೆಗೆದು, ಒರೆಸಿ, ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದು ಕೂತಳು. ಅವನು ಕಾಗದ ತುಂಬಿಸಿದ. ಕೈಪಿಡಿಯನ್ನು ಎರಡು ಸಲ ಓದಿದ್ದರೂ ಮತ್ತೊಮ್ಮೆ ತೆರೆದು ನೋಡಿದ. ಗುಂಡಿ ಒತ್ತಿದ.

ಮೊದಲು ಹಳದಿ ಬಂತು. ಏನೂ ಸರಿಯಾಗಿ ಕಾಣುವಂತಿರಲಿಲ್ಲ. ಒಂದು ಟವೆಲಿನ ಮಡಿಕೆ, ಒಂದು ದುಂಡನೆಯ ನೆರಳು. ಕಾಗದ ಒಳಗೆ ಹೋಯಿತು.

ಎರಡನೆಯ ಸಲ ಕೆಂಪು ಹೊತ್ತು ಬಂತು. ಕೆನ್ನೆ, ಗಲ್ಲ, ಮುಚ್ಚಿದ ಕಣ್ಣು. ಆ ಬಣ್ಣದಲ್ಲಿ ಮಗು ಈಗಷ್ಟೇ ಹಾಲು ಕುಡಿದು, ಬೆಚ್ಚಗೆ ಹೊದ್ದು ನಿದ್ದೆ ಹೋದಂತಿತ್ತು. ಇನ್ನೇನು ಬಾಯಿ ಚಪ್ಪರಿಸೀತು ಎನ್ನುವ ಹಾಗೆ.

“ಅಯ್ಯೋ” ಎಂದಳು ಅವಳು. ಎದ್ದು ನಿಂತಳು. “ಸಾಕು, ಸಾಕು, ನಿಲ್ಸಿ. ಹೀಗೇ ಇರ್ಲಿ. ರೀ, ನಿಲ್ಸಿ!”

ಅವನ ಕೈ ಮುಂದೆ ಹೋಯಿತು. ಅಷ್ಟರಲ್ಲಿ ಕಾಗದ ಒಳಗೆ ಸರಿದಿತ್ತು. ಮೂರನೆಯ ಸಲ ಬಂದಾಗ ನೀಲಿಯೂ ಸೇರಿತ್ತು. ತುಟಿ ಕಪ್ಪಿಟ್ಟಿತು. ರೆಪ್ಪೆಗಳ ಮೇಲೆ, ಉಗುರುಗಳ ಬುಡದಲ್ಲಿ ಬೂದುಬಣ್ಣ ಇಳಿಯಿತು. ಬೆಂಚಿನ ಮೇಲೆ ಅವನ ತೋಳಿನಲ್ಲಿದ್ದ ಮಗು ಇದೇ.

ನಾಲ್ಕನೆಯ ಸಲ ಹೊಳಪಿನ ಪದರ. ಯಂತ್ರ ಸುಮ್ಮನಾಯಿತು.

“ಇನ್ನೊಂದು ಹಾಕಿ” ಎಂದಳು ಅವಳು. “ಕೆಂಪು ಬಂದ ತಕ್ಷಣ ಎಳ್ಕೊಂಡ್ಬಿಡಿ. ಮಿಷನ್ ಹಾಳಾದ್ರೆ ಹಾಳಾಗ್ಲಿ.”

ಅವನಿಗೂ ಆಸೆಯಾಯಿತು. ಆಸೆಯಾಗದೆ ಇರುತ್ತದೆಯೆ? ಆದರೆ ಬಾಯಿಂದ ಬಂದದ್ದು ಬೇರೆ.

“ಆ ಬಣ್ಣ ಅವಳಿಗೆ ಬರ್ಲೇ ಇಲ್ಲ ಕಣೇ. ಒಂದು ಕ್ಷಣಾನೂ ಬರ್ಲಿಲ್ಲ. ಬಂದಿದ್ರೆ ನಾನು ನೋಡ್ತಿದ್ದೆ.”

ಮಗುವನ್ನು ಅವನು ‘ಅವಳು’ ಎಂದಿದ್ದ. ಆ ಮನೆಯಲ್ಲಿ ನಾಲ್ಕು ತಿಂಗಳಿಂದ ಎಲ್ಲರೂ ‘ಅದು’ ಎನ್ನುತ್ತಿದ್ದರು. ಅದು ಆದ ಮೇಲೆ, ಅದನ್ನ ಮರೆತುಬಿಡು, ಅದರ ಬಗ್ಗೆ ಯಾಕೆ ಈಗ. ತಾಯಿ ಆ ಮಾತು ಕೇಳಿದ್ದೇ ಕುರ್ಚಿಗೆ ಕುಸಿದು, ಫೋಟೋವನ್ನು ಎರಡೂ ಕೈಯಿಂದ ಎತ್ತಿಕೊಂಡಳು. ಅಂಚನ್ನು ಮಾತ್ರ ಹಿಡಿದಿದ್ದಳು. ಬಹಳ ಹೊತ್ತು ನೋಡಿದಳು.

“ನಾನು ಬೇಡ ಅಂದೆ ಅಂತ ನೀವೂ ಸುಮ್ನಿದ್ಬಿಟ್ರಲ್ರೀ. ಬಲವಂತವಾಗಿ ನನ್ನ ಮಗ್ಗುಲಲ್ಲಿ ಮಲಗಿಸ್ಬೇಕಿತ್ತು.”

“ಹೌದು” ಎಂದ ಅವನು. “ಮಲಗಿಸ್ಬೇಕಿತ್ತು.”

“ಭಾರ ಇದ್ಲಾ?”

“ಚೆನ್ನಾಗಿ ತುಂಬ್ಕೊಂಡಿದ್ಲು. ತಲೆ ನನ್ನ ಮೊಣಕೈ ಮೇಲೆ ಸರಿಯಾಗಿ ಕೂತಿತ್ತು.”

“ಬೆಚ್ಚಗಿದ್ಲಾ?”

“ಮೊದಲು ಇದ್ಲು. ನಿನ್ನ ಮೈ ಬಿಸಿ ಅದು. ಆರೋವರೆಗೂ ನಾನು ಟವೆಲ್ ಬಿಗಿಯಾಗಿ ಸುತ್ಕೊಂಡೇ ಕೂತಿದ್ದೆ. ನರ್ಸು ಎರಡು ಸಲ ಬಂದು ಕೇಳಿದ್ಲು, ಕೊಡ್ಲಿಲ್ಲ.”

ಆಗ ಅವಳು ಅತ್ತಳು. ಗೋಡೆಯ ಕಡೆ ತಿರುಗದೆ, ಅವನ ಎದುರಿಗೇ, ಬಾಯಿ ತೆರೆದು. ಅವನು ಎದ್ದು ಅವಳ ಪಕ್ಕಕ್ಕೆ ಹೋಗಿ ನಿಂತವನು ತಾನೂ ತಡೆಯಲಾರದೆ ಅವಳ ತಲೆಯ ಮೇಲೆ ಮುಖವಿಟ್ಟುಬಿಟ್ಟ. ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು.

ಎಷ್ಟೋ ಹೊತ್ತಿನ ಮೇಲೆ ಅವಳು ಮೂಗು ಒರೆಸಿಕೊಂಡು ಹೇಳಿದಳು: “ನಿಮಗೂ ಒಂದು ತೆಗೀರಿ.”

“ನನಗ್ಯಾಕೆ? ಕಣ್ಣು ಮುಚ್ಚಿದ್ರೂ ಕಾಣಿಸ್ತಾಳೆ.”

“ಈಗ ಕಾಣಿಸ್ತಾಳೆ. ಮುಂದೆ ಮರೀತೀರಿ. ನಾನೂ ಮರೀತೀನಿ. ತೆಗೀರಿ.”

ಅವನು ಇನ್ನೊಂದು ಕಾಗದ ಕೊಟ್ಟ. ಹಳದಿ ಬಂತು, ಹೋಯಿತು. ಕೆಂಪು ಬಂತು. ನಿದ್ದೆ ಹೋದ ಮಗು ಕಾಗದದ ಮೇಲೆ ಮೆಲ್ಲಗೆ ಹೊರಗೆ ಬಂದು ಒಂದೆರಡು ಗಳಿಗೆ ಅವರಿಬ್ಬರ ಮುಂದೆ ನಿಂತಿತು. ಅವಳ ಕೈ ಅವನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಈ ಸಲ ಅವಳು ನಿಲ್ಲಿಸಿ ಎನ್ನಲಿಲ್ಲ. ಇಬ್ಬರೂ ನೋಡುತ್ತಿದ್ದಂತೆ ಕಾಗದ ಒಳಗೆ ಸರಿಯಿತು.