ಇಪ್ಪತ್ತನಾಲ್ಕು ಬಿಲ್ಲೆ

"ಮುಟ್ಟಬೇಡ ಅಂದೆ! ಕೈ ತೆಗಿ ಅದರಿಂದ!"

ಮಗ್ಗವನ್ನು ಅರ್ಧ ಎತ್ತಿದ್ದ ಮಗ ಹಾಗೆಯೇ ನಿಂತುಬಿಟ್ಟ. ಅಮ್ಮನನ್ನು ಒಳಕೋಣೆಯಿಂದ ನಡುಮನೆಗೆ ತಂದು ಮಲಗಿಸಬೇಕಿತ್ತು. ಕಪಾಟು ಸರಿಸಿದ್ದಾಯಿತು, ಕುರ್ಚಿಗಳನ್ನು ಬೀದಿಗೆ ಹಾಕಿದ್ದಾಯಿತು. ಉಳಿದದ್ದು ಕಿಟಕಿಯ ಕೆಳಗಿನ ಮೇಜು, ಅದರ ಮೇಲೆ ಎರಡು ಮೊಳದ ಈ ಮಗ್ಗ. ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಮೊದಲ ಬಸ್ಸಿಗೆ ಬಂದವಳು, ಹೆಗಲ ಚೀಲವನ್ನೂ ಇಳಿಸಿರಲಿಲ್ಲ.

"ಆಚೆ ಇಡ್ತೀನಿ ಅಷ್ಟೇ, ಚಿಕ್ಕಮ್ಮ."

"ನಾಲ್ಕು ತಿಂಗಳಿಂದ ಎಲ್ಲಾನೂ ಆಚೆನೇ ಇಟ್ಟಿದ್ದೀಯಲ್ಲಪ್ಪಾ, ನಿಮ್ಮಮ್ಮನ ಕೆಮ್ಮೂ ಸೇರಿ!"

ನಡುಮನೆಯ ಗುಸುಗುಸು ನಿಂತಿತು. ಬ್ಯಾಗಿನ ಕಾರ್ಖಾನೆಯ ಹಳೆಯ ಹೆಂಗಸರು, ಎದುರುಮನೆಯ ಮೇಷ್ಟ್ರು, ಮಗನ ಜೊತೆ ವೈರಿಂಗ್ ಕೆಲಸ ಮಾಡುವ ಇಬ್ಬರು, ಎಲ್ಲರೂ ನೆಲ ನೋಡತೊಡಗಿದರು. ಸಾವಿನ ಮನೆಯಲ್ಲಿ ಜಗಳವಾದರೆ ಜನ ನೆಲ ನೋಡುತ್ತಾರೆ, ಕಿವಿ ಮಾತ್ರ ನೆಟ್ಟಗಿಟ್ಟುಕೊಂಡಿರುತ್ತಾರೆ.

"ಒಂದು ಎಕ್ಸ್‌ರೇ ತೆಗೆಸೋಕೆ ನಿಂಗೆ ಪುರುಸೊತ್ತಾಗ್ಲಿಲ್ಲ ಅಲ್ವೇನೋ?"

"ತೆಗೆಸಿದ್ದೆ. ನಾನೇ ಬೈಕಲ್ಲಿ ಕರ್ಕೊಂಡು ಹೋಗಿದ್ದೆ."

"ಹೌದಾ? ಎಲ್ಲಿ, ತೋರಿಸು."

"ಅರ್ಜೆಂಟ್ ಕೆಲಸ ಬಂತು ಅಂತ ಅವಳನ್ನ ಅಲ್ಲೇ ಬಿಟ್ಟು ಹೋದೆ. ಅಮ್ಮನೇ ಇಸ್ಕೊಂಡು ಡಾಕ್ಟರಿಗೆ ತೋರಿಸಿದ್ಲು. ಏನೂ ಇಲ್ಲವಂತೆ, ಬರೀ ಕಫ ಅಂದ್ಲು."

"ಸಾಕ್ಷಿಗೆ ಸತ್ತೋರನ್ನ ಕರೀತೀಯಾ? ಒಳ್ಳೇ ಉಪಾಯ!"

ಸೊಸೆ ಅಡುಗೆಮನೆಯಿಂದ ಇಣುಕಿದಳು. "ಮನೆಯೆಲ್ಲಾ ಹುಡುಕಿದೀವಿ ಚಿಕ್ಕಮ್ಮ. ಸಿಗ್ಲೇ ಇಲ್ಲ."

"ಇದ್ರೆ ತಾನೇ ಸಿಗೋದು!"

"ಹೋಗ್ಲಿ ಬಿಡಮ್ಮ," ಎಂದರು ಮೇಷ್ಟ್ರು. "ಆಗಿದ್ದು ಆಗಿಹೋಯ್ತು."

"ಏನು ಆಗಿಹೋಗೋದು ಮೇಷ್ಟ್ರೇ? ಹೋದೋಳು ನಮ್ಮಕ್ಕ. ನಿನ್ನೆ ಸಂಜೆ ರಕ್ತ ಕಾರಿಕೊಂಡು ಹೋದ್ಲು. ಇವನು ಇಲ್ಲೇ ಇದಾನೆ, ಗುಂಡುಕಲ್ಲಿನ ಹಾಗೆ. ಎಲ್ಲರೂ ಕೇಳಿಸ್ಕೊಳ್ಳಿ, ಹೆತ್ತ ತಾಯಿನ ಕೈಯಾರೆ ಕೊಂದೋನು ಇವನು!"

ಆಡಿಬಿಟ್ಟಳು. ಈ ಬೀದಿಯ ಅರ್ಧ ಮನೆಗಳ ವೈರಿಂಗ್ ಮಗನದೇ. ನಾಳೆ ಅವನು ಏಣಿ ಹೊತ್ತು ಯಾರ ಮನೆಯ ಬಾಗಿಲಲ್ಲಿ ನಿಂತರೂ ತಾಯಿಯನ್ನು ಕೊಂದವನು ಬಂದ ಎಂದು ಒಳಗಿನವರು ಅಂದುಕೊಳ್ಳಬೇಕು, ಅಂಥ ಮಾತು ಅದು. ಮಗ ಮಗ್ಗವನ್ನು ಮೇಜಿನ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ ಬೀದಿಗೆ ಹೋದ.

*

ನಾಲ್ಕು ತಿಂಗಳ ಹಿಂದೆ, ಒಂದು ಭಾನುವಾರ, ಅಕ್ಕ ಫೋನು ಮಾಡಿ ತಂಗಿಯನ್ನು ಕರೆಸಿಕೊಂಡಿದ್ದಳು. ಬರುವಾಗ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ತಾ ಎಂದಿದ್ದಳು. ತಂಗಿ ಟೈಲರ್, ಆ ಕತ್ತರಿಯನ್ನು ಗಂಡನಿಗೂ ಮುಟ್ಟಗೊಡದವಳು. ಅಕ್ಕನಿಗೆ ಅಂತ ತಂದಳು.

ಅಕ್ಕ ಬ್ಯಾಗಿನ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಹೆಗಲಪಟ್ಟಿ ನೇಯ್ದವಳು. ಬೀದಿಯವರ ಬಾಯಲ್ಲಿ ಪಟ್ಟಿಯಮ್ಮ. ಮಷೀನು ಬಂದು ಕೈಮಗ್ಗದವರನ್ನೆಲ್ಲ ಮನೆಗೆ ಕಳಿಸಿದ ಮೇಲೂ ಅವಳ ಕೈ ಸುಮ್ಮನಿರಲಿಲ್ಲ. ಒಂದು ಹಲಗೆ, ಅದರ ಎರಡು ತುದಿಗೆ ಎರಡು ಗೂಟ, ನೂಲು ಬಿಗಿ ಮಾಡಲು ಒಂದು ತಿರುಪು. ಮಗ್ಗ ಎಂದರೆ ಅಷ್ಟೇ. ಕೆಲಸವೆಲ್ಲ ಬಿಲ್ಲೆಯದು. ಅಂಗೈಯಗಲದ ಚೌಕ ಬಿಲ್ಲೆ, ನಾಲ್ಕು ಮೂಲೆಗೆ ನಾಲ್ಕು ತೂತು, ತೂತಿಗೊಂದು ನೂಲು. ಬಿಲ್ಲೆಗಳನ್ನೆಲ್ಲ ಒಟ್ಟಿಗೆ ಹಿಡಿದು ಕಾಲು ಸುತ್ತು ತಿರುಗಿಸಿದರೆ ನೂಲು ಬಾಯಿ ಬಿಡುತ್ತದೆ. ಆ ಬಾಯೊಳಗೆ ಅಡ್ಡನೂಲಿನ ಲಾಳಿ ತೂರಿಸಿ, ಬಡಿದು, ಮತ್ತೆ ತಿರುಗಿಸಬೇಕು.

"ರಟ್ಟಿನ ಬಿಲ್ಲೆ ಸವೆದು ನೂಲು ತಿನ್ತಾ ಇದೆ. ಹೊಸದು ಮಾಡ್ಕೊಡು," ಎಂದು ಅಕ್ಕ ಒಂದು ಕರಿ ಫಿಲ್ಮನ್ನು ಮುಂದಿಟ್ಟಳು. ಅದರ ಒಂದು ಅಂಚನ್ನು ಮೊದಲೇ ಸೀಳಿ, ಅದಕ್ಕೆ ಕೆಂಪು ನೂಲು ಸುತ್ತಿ ಲಾಳಿ ಮಾಡಿಕೊಂಡಿದ್ದಳು.

"ಇದು ಎಕ್ಸ್‌ರೇ ಅಲ್ವೇನೇ?"

"ಹೂಂ, ಯಾರದೋ ಹಳೇದು. ಗುಜರಿಯೋನ ಹತ್ರ ಸಿಕ್ತು. ನುಣ್ಣಗಿರುತ್ತೆ, ನೂಲು ಜಾರುತ್ತೆ. ನಂಗೆ ಕೈ ನಡುಗುತ್ತೆ ಕಣೇ, ನೀನೇ ಕತ್ತರಿಸು."

ತಂಗಿ ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದಳು. "ಅಯ್ಯೋ, ಯಾರೇ ಈ ಪುಣ್ಯಾತ್ಮ? ಪಕ್ಕೆಲುಬು ನೋಡು, ಇಸ್ತ್ರಿ ಮಾಡಿಟ್ಟ ಹಾಗಿದೆ. ಎದೆಯೊಳಗೆ ಹತ್ತಿ ಬೇರೆ ತುಂಬ್ಕೊಂಡಿದಾನೆ. ಎಲ್ಲೋ ದಿಂಬು ನುಂಗಿರಬೇಕು!"

ಅಕ್ಕನೂ ನಕ್ಕಳು. ನಗು ಕೆಮ್ಮಿಗೆ ತಿರುಗಿ, ಬಹಳ ಹೊತ್ತು ಕೆಮ್ಮಿದಳು.

ತಂಗಿ ಟೇಪು ಹಿಡಿದು ಗೆರೆ ಎಳೆದಳು. ಆರು ಸಾಲು, ಸಾಲಿಗೆ ನಾಲ್ಕು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಇಪ್ಪತ್ತನಾಲ್ಕು ಚೌಕ ಕತ್ತರಿಸಿದಳು. ನೂಲು ಸಿಕ್ಕಿಕೊಳ್ಳದ ಹಾಗೆ ಮೂಲೆಗಳನ್ನು ಉರುಟು ಮಾಡಿದಳು, ತೂತು ಹೊಡೆದಳು. ಅಕ್ಕ ಒಂದೊಂದಕ್ಕೇ ನೂಲು ಪೋಣಿಸುತ್ತಾ ಹೋದಳು. ತೊಂಬತ್ತಾರು ಎಳೆ, ಇಡೀ ಮಧ್ಯಾಹ್ನ ಹಿಡಿಯಿತು.

"ಯಾರಿಗೆ ಈ ಪಟ್ಟಿ?"

"ಯಾರಿಗೂ ಅಲ್ಲ. ಸುಮ್ನೆ." ಇನ್ನೊಂದು ಬಿಲ್ಲೆಗೆ ನೂಲು ಪೋಣಿಸಿ ಅವಳೇ ಮಾತೆತ್ತಿದಳು. "ನಿಮ್ಮ ಭಾವನ್ನ ಕಡೇ ಎರಡು ತಿಂಗಳು ಆಸ್ಪತ್ರೇಲಿ ಮಂಚಕ್ಕೆ ಕಟ್ಟಿಹಾಕಿದ್ರು, ನೆನಪಿದ್ಯಾ? ಮೂಗಿನ ಟ್ಯೂಬು ಕಿತ್ಕೊಳ್ತಾನೆ ಅಂತ. ಕೈ ಬಿಡಿಸೇ ಅಂತ ನನ್ನ ಕೇಳ್ತಿದ್ದ. ನಾನು ಬಿಡಿಸ್ಲಿಲ್ಲ. ಡಾಕ್ಟರು ಬೈತಾರೆ ಅಂತ."

"ಈಗ್ಯಾಕೆ ಅದು? ಒಳ್ಳೇ ಮಾತಾಡು."

"ಒಳ್ಳೇ ಮಾತೇ ಆಡ್ತಿದೀನಿ," ಎಂದು ಅಕ್ಕ ತಿರುಪು ಬಿಗಿ ಮಾಡಿದಳು.

*

ಹನ್ನೊಂದಕ್ಕೆ ಹೆಣದ ಗಾಡಿ ಬಂತು. ಡ್ರೈವರು ಇಳಿದು, ಇನ್ನು ಅರ್ಧ ಗಂಟೆ ಅಷ್ಟೇ, ಇನ್ನೊಂದು ಮನೆ ಇದೆ ಎಂದ. ಸಾವಿಗೂ ಸರದಿ.

ಅಕ್ಕನನ್ನು ಬಿಳಿ ಬಟ್ಟೆ ಹೊದಿಸಿ ಮೇಜಿನ ಪಕ್ಕದಲ್ಲೇ ಮಲಗಿಸಿದ್ದರು. ಚಿಕ್ಕಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಮಾತ್ರ ಬರುತ್ತಿತ್ತು. ಮಗ್ಗದ ಮೇಲೆ ಒಂದೂವರೆ ಗೇಣು ಪಟ್ಟಿ ನೇಯ್ದು ನಿಂತಿತ್ತು. ಕೆಂಪಿನ ಮೇಲೆ ಬಿಳಿ ಹೆಣಿಗೆ. ಅದನ್ನಾದರೂ ಅವಳ ಜೊತೆ ಕಳಿಸೋಣ ಎನ್ನಿಸಿತು. ಈ ಮನೆಯಲ್ಲಿ ಬಿಟ್ಟರೆ ನಾಳೆ ಮೂಲೆಗೆ ಎಸೆಯುತ್ತಾರೆ.

ಸುಮ್ಮನೆ ಕತ್ತರಿಸಿದರೆ ನೇಯ್ಗೆ ಬಿಚ್ಚಿಹೋಗುತ್ತದೆ, ಟೈಲರಿಗೆ ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಮೊದಲು ತುದಿಯನ್ನು ಹೊಲಿದು ಗಟ್ಟಿ ಮಾಡಬೇಕು. ಅದೇ ಕೆಂಪು ನೂಲಾದರೆ ಒಳ್ಳೆಯದು. ಚೀಲದಿಂದ ಕತ್ತರಿ, ಸೂಜಿ ತೆಗೆದು, ಲಾಳಿಯಿಂದ ನೂಲು ಬಿಚ್ಚತೊಡಗಿದಳು. ಲಾಳಿಯಲ್ಲಿ ಉಳಿದದ್ದು ಹತ್ತೋ ಹನ್ನೆರಡೋ ಸುತ್ತು. ಕೊನೆಯ ಸುತ್ತು ಜಾರಿದಾಗ ಕರಿ ಫಿಲ್ಮಿನ ಮೇಲೆ ಬಿಳಿ ಅಕ್ಷರಗಳು ಕಂಡವು.

ಅಕ್ಕನ ಹೆಸರು. ವಯಸ್ಸು ಅರವತ್ತೊಂದು. ಎದೆ. ತಾರೀಖು, ಆ ಭಾನುವಾರಕ್ಕೆ ಮೂರು ದಿನ ಮುಂಚಿನದು.

ಎರಡು ಸಲ ಓದಿದಳು. ನೂಲಿನಲ್ಲಿ ಸಿಕ್ಕಿಕೊಂಡಿದ್ದ ಒಂದು ಬಿಲ್ಲೆಯನ್ನು ಓರೆ ಮಾಡಿ ಬೆಳಕಿಗೆ ಹಿಡಿದಳು. ಹತ್ತಿಯ ಹಾಗೆ ಬೆಳ್ಳಗೆ ಏನೋ ಇತ್ತು, ಅದರ ನಡುವೆ ಅವಳೇ ಹೊಡೆದ ತೂತು.

"ಕಳ್ಳಿ," ಎಂದಳು, ಹೆಣದ ಕಡೆ ತಿರುಗಿ. "ಕಳ್ಳಿ ಕಣೇ ನೀನು! ನನ್ನ ಕೈಯಲ್ಲೇ ಮಾಡಿಸಿದ್ಯಲ್ಲೇ! ಎದುರಿಗೆ ಕೂತು ನಗ್ತಿದ್ಯಲ್ಲೇ!"

ಹೆಂಗಸರು ಗಾಬರಿಯಾಗಿ ಎದ್ದರು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ಒಬ್ಬಳು ತೋಳು ಹಿಡಿಯಲು ಬಂದಳು. ಚಿಕ್ಕಮ್ಮ ಕೊಡವಿ, ಬಿಗಿದ ನೂಲಿಗೆ ಕತ್ತರಿ ಹಾಕಿದಳು. ಹೊಲಿಗೆಯೂ ಇಲ್ಲ, ಗಂಟೂ ಇಲ್ಲ. ತೊಂಬತ್ತಾರು ಎಳೆಯೂ ಪಟಪಟನೆ ಹರಿದು ಬಿಲ್ಲೆಗಳು ಮೇಜಿನ ಮೇಲೆ ಉದುರಿದವು. ಅಷ್ಟನ್ನೂ ಸೆರಗಿಗೆ ಬಾಚಿಕೊಂಡು ಬಾಗಿಲಿಗೆ ಹೋದಳು.

ಬೆಳಿಗ್ಗೆ ಕಿರುಚಿದ ಅದೇ ಗಂಟಲಲ್ಲಿ ಕೂಗಿದಳು. "ಕೇಳ್ರೀ ಎಲ್ಲರೂ! ಬೆಳಿಗ್ಗೆ ನಾನಂದಿದ್ದು ಸುಳ್ಳು. ಇವನು ಎಕ್ಸ್‌ರೇ ತೆಗೆಸಿದ್ದ. ಬಚ್ಚಿಟ್ಟೋಳು ನಮ್ಮಕ್ಕ. ಕತ್ತರಿಸಿ ಚೂರು ಮಾಡ್ದೋಳು ನಾನು."

ಕೊಂದವನು ಎಂಬ ಮಾತಿಗೆ ನೆಟ್ಟಗಾದ ಕಿವಿ, ಕೊಲ್ಲಲಿಲ್ಲ ಎಂಬ ಮಾತಿಗೆ ಅಷ್ಟು ನೆಟ್ಟಗಾಗುವುದಿಲ್ಲ.

ಮಗ ಬಂದು ಲಾಳಿಯಾಗಿದ್ದ ಅಂಚಿನ ತುಂಡನ್ನು ಅವಳ ಕೈಯಿಂದ ಇಸಿದುಕೊಂಡು ಓದಿದ.

"ನೀನು ನೋಡ್ಲಿಲ್ವಾ ಚಿಕ್ಕಮ್ಮ, ಕತ್ತರಿಸೋವಾಗ?"

"ನೋಡಿದೆ. ಯಾರದೋ ಅಂದ್ಲು. ನಕ್ಕೆ ಕಣೋ. ಅದನ್ನ ನೋಡಿ ನಕ್ಕುಬಿಟ್ಟೆ."

"ನಂಗೆ ಅಂಥ ಮಾತು ಅಂದೆಯಲ್ಲ, ಎಲ್ಲರ ಮುಂದೆ."

"ಅಂದೆ."

"ತಪ್ಪಾಯ್ತು ಅನ್ನೋಕೆ ಬರಬೇಡ ಈಗ."

"ಅನ್ನಲ್ಲ."

ಅವನು ಆ ತುಂಡನ್ನು ಜೇಬಿಗೆ ತುರುಕಿಕೊಂಡು, ಹೆಣ ಎತ್ತಲು ಒಳಗೆ ಹೋದ.

ಗಾಡಿಯ ಹಿಂಭಾಗದಲ್ಲಿ ಇಬ್ಬರಿಗೆ ಮಾತ್ರ ಜಾಗ, ಆ ಕಡೆ ಒಂದು ಬೆಂಚು, ಈ ಕಡೆ ಒಂದು. ಒಂದರಲ್ಲಿ ಮಗ ಕೂತ. ಇನ್ನೊಂದರಲ್ಲಿ ಯಾರು ಎಂದು ಡ್ರೈವರು ಕೇಳಿದಾಗ, "ಅವಳೇ ಹತ್ಲಿ," ಎಂದ, ಮುಖ ಆಚೆಗೆ ತಿರುಗಿಸಿ.

ಗಾಡಿ ಮುಖ್ಯರಸ್ತೆಗೆ ಬಂತು. ಚಿಕ್ಕಮ್ಮ ಸೆರಗು ಬಿಚ್ಚಿ, ಒಂದು ಬಿಲ್ಲೆಯನ್ನು ಅಕ್ಕನ ಎದೆಯ ಮೇಲಿನ ಬಿಳಿ ಬಟ್ಟೆಯ ಮೇಲೆ ಇಟ್ಟಳು. ಬಿಳಿಯ ಮೇಲೆ ಎಲುಬಿನ ಗೆರೆ ಸ್ಪಷ್ಟವಾಗಿ ಕಂಡಿತು. ಅದರ ಪಕ್ಕಕ್ಕೆ ಇನ್ನೊಂದನ್ನು ಇಟ್ಟಳು, ಕೂಡಲಿಲ್ಲ. ತೆಗೆದು ಬೇರೊಂದನ್ನು ಇಟ್ಟಳು. ಬಟ್ಟೆಯನ್ನು ಎಂದೂ ತಪ್ಪಾಗಿ ಜೋಡಿಸದ ಕೈಗೆ ಈಗ ಯಾವ ತುಂಡು ಎಲ್ಲಿಯದೆಂದು ತಿಳಿಯುತ್ತಿರಲಿಲ್ಲ.

"ತಲೆಕೆಳಗಾಗಿದೆ ಅದು," ಎಂದ ಮಗ, ಸಿಡುಕಿ. ಕೈಚಾಚಿ ಬಿಲ್ಲೆಯನ್ನು ತಿರುಗಿಸಿ ಇಟ್ಟ. ಗೆರೆಗೆ ಗೆರೆ ಕೂಡಿತು. ಅವಳ ಮಡಿಲಿಂದ ತಾನೇ ಮತ್ತೊಂದನ್ನು ಆರಿಸಿ ಕೆಳಗೆ ಇಟ್ಟ, ಅವಳು ಅದರ ಪಕ್ಕದ್ದನ್ನು ಇಟ್ಟಳು. ಹೀಗೆ ಎಡಪಕ್ಕೆ ಮುಗಿಯುತ್ತಾ ಬಂತು, ಬೆಳ್ಳಗಿನದು ಬಿಲ್ಲೆಯಿಂದ ಬಿಲ್ಲೆಗೆ ಹರಡುತ್ತಾ ಹೋಯಿತು. ಅಷ್ಟರಲ್ಲಿ ಗಾಡಿ ರಸ್ತೆಯ ಉಬ್ಬನ್ನು ಹತ್ತಿ ಕುಲುಕಿತು. ತುಂಡುಗಳು ಜಾರದಂತೆ ಇಬ್ಬರೂ ಒಟ್ಟಿಗೇ ಬಾಗಿ, ನಾಲ್ಕೂ ಅಂಗೈಗಳನ್ನು ಸತ್ತವಳ ಎದೆಯ ಮೇಲೆ ಒತ್ತಿ ಹಿಡಿದರು.