ಹುಡುಕಿದೆ, ಸಿಗಲಿಲ್ಲ

ಶಾಲೆ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಲೆಂದು ನಾನೂ ಲಕ್ಷ್ಮೀಕಾಂತನೂ ಸೇರಿ ಒಂದು ಪುಟ್ಟ ಭಾಷೆ ಕಟ್ಟಿದ್ದೆವು. ಅದರ ಕಂಪ್ಯೂಟರಿನಲ್ಲಿ ಓಡುವ ಆವೃತ್ತಿಯನ್ನು ಅವನು ಬರೆದ, ಮೊಬೈಲಿನಲ್ಲಿ ಓಡುವುದನ್ನು ನಾನು. ಅವನು ತೀರಿಕೊಂಡು ಎರಡು ವರ್ಷವಾಯಿತು.

ಮೊನ್ನೆ ಗುಬ್ಬಿಯ ಶಾಲೆಯಲ್ಲಿ ಅದನ್ನು ಕಲಿಸುವ ಅರುಣಾ ಟೀಚರ್ ಫೋನ್ ಮಾಡಿದರು.

"ತೇಜಸ್ವಿನಿ ಮೇಡಂ, ಇಲ್ಲದಿರೋ ಮಾಡ್ಯೂಲನ್ನ ಇಂಪೋರ್ಟ್ ಮಾಡಿದ್ರೆ ಮೊಬೈಲಲ್ಲಿ ಒಂಥರಾ ಎರರ್ ಬರುತ್ತೆ, ಕಂಪ್ಯೂಟರಲ್ಲಿ ಇನ್ನೊಂಥರಾ. ಮಕ್ಳು ಅದನ್ನ ಎರಡು ಬೇರೆ ತಪ್ಪು ಅನ್ಕೊಳ್ತಾರೆ. ಎರಡೂ ಕಡೆ ಒಂದೇ ಮಾಡ್ಕೊಡಿ."

ನ್ಯಾಯವಾದ ಮಾತೇ. ಮಾಡ್ಯೂಲ್ ಅಂದರೆ ಬೇರೆಡೆ ಬರೆದಿಟ್ಟ ಕೋಡು. ಇಂಪೋರ್ಟ್ ಎಂದು ಹೆಸರು ಹಿಡಿದು ಕರೆದರೆ ಬರಬೇಕು. ಬರದಿದ್ದಾಗ ನನ್ನ ಮೊಬೈಲು ಹೇಳುತ್ತಿದ್ದದ್ದು ಇಷ್ಟೇ: "ಮಾಡ್ಯೂಲ್ ಲಭ್ಯವಿಲ್ಲ." ಅವನ ಕಂಪ್ಯೂಟರು ಅವನ ಕುಣಿಗಲ್ ಆಡುಮಾತಿನಲ್ಲೇ ಹೇಳುತ್ತಿತ್ತು: "ಎಲ್ಲಾ ಕಡೆ ಹುಡುಕ್ದೆ, ಸಿಗ್ಲಿಲ್ಲ ಕಣಪ್ಪ. ಹೆಸರು ಇನ್ನೊಂದ್ಸಲ ನೋಡು."

ಈ ಸಾಲಿಗಾಗಿ ಅವನೊಂದಿಗೆ ಎಷ್ಟು ಜಗಳವಾಡಿದ್ದೆ. ಎರರ್ ಅಂದರೆ ಹರಟೆಯಲ್ಲ ಎಂದು ನಾನು ರೇಗಿದರೆ, "ತಪ್ಪು ಮಾಡಿ ಕೂತಿರೋ ಮಗೂಗೆ ಜೊತೇಲಿ ಯಾರಾದ್ರೂ ಇರ್ಬೇಕು ಕಣೇ" ಎನ್ನುತ್ತಿದ್ದ. ಹಠಮಾರಿ.

ಈಗ ಅಡ್ಡಿ ಹೇಳುವವರಿಲ್ಲ. ಅವನ ಸಾಲನ್ನು ಅಳಿಸಲು ಹೋದೆ, ಕೈ ಬರಲಿಲ್ಲ. ನನ್ನದನ್ನೇ ಅಳಿಸಿ, ಅವನ ಮಾತನ್ನು ಮೊಬೈಲಿಗೂ ಹಾಕಿದೆ.

ಸರಿಯಾಯಿತೇ ಎಂದು ಪರೀಕ್ಷಿಸಲು ಎಲ್ಲೂ ಇಲ್ಲದ ಒಂದು ಹೆಸರು ಬೇಕಿತ್ತು. 'ಲಕ್ಷ್ಮೀಕಾಂತ' ಎಂದು ಟೈಪ್ ಮಾಡಿದೆ.

"ಎಲ್ಲಾ ಕಡೆ ಹುಡುಕ್ದೆ, ಸಿಗ್ಲಿಲ್ಲ ಕಣಪ್ಪ. ಹೆಸರು ಇನ್ನೊಂದ್ಸಲ ನೋಡು."

ನೋಡಿದೆ. ಹೆಸರು ಸರಿಯಾಗಿಯೇ ಇತ್ತು.